ಹಳೆಯ ಮೋಟಾರೂ ಹೊಸ ಯಜಮಾನರೂ

ಮನುಷ್ಯನಿಗೆ ಹಿಡಿಯುವ ಹುಚ್ಚುಗಳಲ್ಲಿ ಹಣ ತರುವ ಹುಚ್ಚು ಕೆಲವು, ಹಣ ತಿನ್ನುವ ಹುಚ್ಚು ಹಲವು. ಹಳೆಯ ಮೋಟಾರು ಗಾಡಿಯನ್ನು ಕೊಂಡು ಸಾಕುವ ಹುಚ್ಚು ಎರಡನೆಯ ಜಾತಿಗೆ ಸೇರಿದ್ದೆಂಬ ವಿಷಯದಲ್ಲಿ ನಮಗೆ ಬಹುಕಾಲ ಸಂದೇಹವೇ ಇರಲಿಲ್ಲ. ವಯಸ್ಸಾದವರು ತಮ್ಮ ಯೌವನದ ಜ್ಞಾಪಕಾರ್ಥವಾಗಿ ಇಂಥ ಗಾಡಿಯೊಂದನ್ನು ಇಟ್ಟುಕೊಂಡರೆ ಅರ್ಥವಾದೀತು. ಅರಮನೆಯವರೂ ಸಾಹುಕಾರರೂ ವೈಭವಕ್ಕಾಗಿ ಇಟ್ಟುಕೊಂಡರೆ ಅದೂ ಅರ್ಥವಾದೀತು. ಆದರೆ ಆ ಗಾಡಿ ಕಾರ್ಖಾನೆಯಿಂದ ಹೊರಬಿದ್ದಾಗ ಇನ್ನೂ ಹುಟ್ಟಿಯೇ ಇರದಿದ್ದ ಹುಡುಗರು, ಮನಸ್ಸು ಮಾಡಿದರೆ ಕಂತಿನ ಮೇಲೆ ಹೊಚ್ಚ ಹೊಸ ಕಾರನ್ನು ಮನೆಗೆ ತರಬಲ್ಲ ಹುಡುಗರು, ನಲವತ್ತು ವರ್ಷದ ಹಿಂದಿನ ಫಿಯೆಟ್ಟನ್ನೋ ಅಂಬಾಸಡರನ್ನೋ ಹುಡುಕಿಕೊಂಡು ಊರೂರು ಅಲೆಯುವುದೇತಕ್ಕೆ? ಈ ಪ್ರಶ್ನೆ ನಮ್ಮ ಕುಟುಂಬದೊಳಕ್ಕೇ ಬಂದು ಕುಳಿತದ್ದು ೨೦೨೨ನೆಯ ಇಸವಿಯಲ್ಲಿ.

ನಮ್ಮ ತಂಗಿಯ ಮಗನಿಗೆ ಆಗ ಇಪ್ಪತ್ತಾರು ವಯಸ್ಸು. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ. ಒಂದು ಭಾನುವಾರ ಮೈಸೂರಿನ ಮನೆಗೆ ಬಂದವನು ಬರಿಗೈಯಲ್ಲಿ ಬರಲಿಲ್ಲ. ೧೯೮೪ನೆಯ ಇಸವಿಯ ಪ್ರೀಮಿಯರ್ ಪದ್ಮಿನಿ ಗಾಡಿಯೊಂದನ್ನು ಲಾರಿಯ ಮೇಲೆ ಹಗ್ಗ ಬಿಗಿದು ಹೇರಿಸಿಕೊಂಡು ಬಂದಿದ್ದನು. ಅರಸೀಕೆರೆಯ ಕಡೆಯ ತೆಂಗಿನ ತೋಟವೊಂದರ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ಕದಲದೆ ನಿಂತಿದ್ದ ಗಾಡಿ ಅದು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕುಳಿತಿದ್ದ ಗುರುತು ಇನ್ನೂ ಇತ್ತು. ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ. ತಂಗಿ ಆ ಸಂಜೆಯೇ ಫೋನು ಮಾಡಿ, “ಅಣ್ಣಾ, ಇವನಿಗೆ ಹೆಣ್ಣು ನೋಡೋಣವೆಂದರೆ ಇವನು ಗುಜರಿ ತಂದು ಅಂಗಳದಲ್ಲಿ ನಿಲ್ಲಿಸಿದ್ದಾನೆ. ನೀನಾದರೂ ಬಂದು ಬುದ್ಧಿ ಹೇಳು” ಎಂದಳು.

ಬುದ್ಧಿ ಹೇಳಲು ನಾವು ಸಿದ್ಧರಾಗಿಯೇ ಹೊರಟೆವು. ಆದರೆ ಅಂಗಳಕ್ಕೆ ಕಾಲಿಟ್ಟು ಆ ಗಾಡಿಯ ಮೋರೆ ನೋಡಿದೊಡನೆ ಕಲಿತು ಹೋಗಿದ್ದ ಮಾತೆಲ್ಲ ಮರೆತುಹೋಯಿತು. ಅದಕ್ಕೆ ಕಾರಣವನ್ನು ಇಲ್ಲಿ ಮುಚ್ಚಿಡಬೇಕಾದ್ದಿಲ್ಲ. ನಮ್ಮ ತಂದೆಯವರಲ್ಲಿಯೂ ಒಂದು ಪದ್ಮಿನಿ ಇದ್ದಿತು. ಹಣ ಕಟ್ಟಿ ವರ್ಷಗಟ್ಟಲೆ ಕಾದು ೧೯೭೯ರಲ್ಲಿ ಅವರು ಪಡೆದುಕೊಂಡ ಗಾಡಿ. ಅದರಲ್ಲಿಯೇ ನಾವು ಬೇಲೂರು, ಶೃಂಗೇರಿ, ತಿರುಪತಿಗಳನ್ನು ನೋಡಿದ್ದು. ಅವರ ಕಣ್ಣು ಮಂಜಾಗಿ, ನಾವು ಬೇರೊಂದು ಚಿಕ್ಕ ಕಾರನ್ನು ಕೊಂಡ ಮೇಲೆ, ೧೯೯೮ರಲ್ಲಿ ಒಂದು ದಿನ ಆ ಗಾಡಿಯನ್ನು ಗುಜರಿಯವನಿಗೆ ತೂಕದ ಬೆಲೆಗೆ ಕೊಟ್ಟುಬಿಟ್ಟೆವು. ತಂದೆಯವರು ಜಗಲಿಯ ಮೇಲೆ ಕುಳಿತಿದ್ದರು. ಗಾಡಿ ಬೀದಿಯ ತಿರುವು ದಾಟಿದ ಮೇಲೆ, “ಸ್ಟೆಪ್ನಿಯನ್ನೂ ಕೊಟ್ಟೆಯೇನಪ್ಪಾ?” ಎಂದು ಕೇಳಿದರು. ಕೊಟ್ಟೆನೆಂದೆವು. ಮತ್ತೆ ಆ ಗಾಡಿಯ ಮಾತನ್ನು ಅವರು ಎಂದೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹಾಗೆ ಬಾಯಿ ಮುಚ್ಚಿಹೋಗಿದ್ದ ಸಂಗತಿ ನಮ್ಮ ತಂಗಿಯ ಅಂಗಳದಲ್ಲಿ ತುಕ್ಕು ಹಿಡಿದು ನಿಂತಿದ್ದಿತು. ನಮ್ಮ ಕೋಪದಲ್ಲಿ ಅರ್ಧ ಭಾಗ ಹುಡುಗನ ಮೇಲಲ್ಲವೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ.

ಇಲ್ಲಿ ಈ ಗಾಡಿಗಳ ವಂಶಾವಳಿಯನ್ನು ನಾಲ್ಕು ಮಾತಿನಲ್ಲಿ ಹೇಳುವುದು ಉಚಿತ. ಮೋಟಾರು ಹುಟ್ಟಿದ ಹೊಸದರಲ್ಲಿ ಟೂರಿಂಗ್ ಕಾರೆಂದರೆ, ಮಡಿಸಬಹುದಾದ ಕ್ಯಾನ್ವಾಸಿನ ಮುಸುಕುಳ್ಳ, ನಾಲ್ಕೈದು ಮಂದಿ ಕುಳಿತು ದೂರ ಹೋಗಬಹುದಾದ ತೆರೆದ ಗಾಡಿ. ಅಮೆರಿಕದಲ್ಲಿ ಹೆನ್ರಿ ಫೋರ್ಡನ ಕಾರ್ಖಾನೆ ೧೯೦೮ರಿಂದ ೧೯೨೭ರ ವರೆಗೆ ತಯಾರಿಸಿದ ಮಾಡಲ್ ಟಿ ಗಾಡಿಗಳು ಒಂದೂವರೆ ಕೋಟಿ. ಅವುಗಳಲ್ಲಿ ಬಹಳ ಜನಪ್ರಿಯವಾಗಿದ್ದ ಒಂದು ರೂಪ ಈ ಟೂರಿಂಗ್ ಕಾರೇ. ಮುಂದೆ ಗಾಜು, ಬಾಗಿಲು, ತಗಡಿನ ಮೇಲ್ಛಾವಣಿಗಳುಳ್ಳ ಮುಚ್ಚಿದ ಗಾಡಿ ಅಗ್ಗವಾಗುತ್ತ ಬಂದಂತೆ ತೆರೆದ ಗಾಡಿ ಮರೆಯಾಯಿತು. ಹೆಸರು ಹೋದರೂ ಕೆಲಸ ಉಳಿಯಿತು. ಸಂಸಾರವನ್ನೂ ಹಾಸಿಗೆಯ ಸುರುಳಿಯನ್ನೂ ಬುತ್ತಿಯ ಡಬ್ಬಿಗಳನ್ನೂ ಹೊತ್ತುಕೊಂಡು ಯಾತ್ರೆಗೆ ಹೋಗಿಬರುವ ಆ ಕೆಲಸವನ್ನು ನಮ್ಮ ದೇಶದಲ್ಲಿ ಮುಖ್ಯವಾಗಿ ಎರಡು ಗಾಡಿಗಳು ವಹಿಸಿಕೊಂಡವು. ಒಂದು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ೧೯೫೭ರಿಂದ ಹಿಂದೂಸ್ತಾನ್ ಮೋಟಾರ್ಸಿನವರು ತಯಾರಿಸಿದ ಅಂಬಾಸಡರ್. ಬಂಗಾಳದ ಉತ್ತರಪಾರಾದಲ್ಲಿ ಅದರ ತಯಾರಿಕೆ ನಿಂತದ್ದು ೨೦೧೪ರಲ್ಲಿ. ಇನ್ನೊಂದು, ವಾಲ್‌ಚಂದ್ ಹೀರಾಚಂದರು ೧೯೪೪ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಕಂಪೆನಿಯವರು ಬೊಂಬಾಯಿಯಲ್ಲಿ ತಯಾರಿಸುತ್ತಿದ್ದ ಫಿಯೆಟ್. ೧೯೬೪ರಲ್ಲಿ ಬಂದ ಫಿಯೆಟ್ ೧೧೦೦ ಡಿಲೈಟ್ ಎಂಬುದಕ್ಕೇ ೧೯೭೪ರಲ್ಲಿ ಚಿತ್ತೋರಿನ ರಾಣಿಯ ಹೆಸರಿನಿಂದ ಪದ್ಮಿನಿಯೆಂದು ನಾಮಕರಣವಾಯಿತು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದಿತು. ಹಳೆಯ ಎರಡಕ್ಕೂ ಅಲ್ಲಿಂದ ಇಳಿಗಾಲ. ಮುಂಬಯಿಯ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ದುಡಿಯುತ್ತಿದ್ದ ಪದ್ಮಿನಿಗಳಲ್ಲಿ ಕೊನೆಯದು ೨೦೨೩ರ ಅಕ್ಟೋಬರಿನಲ್ಲಿ ವಿಶ್ರಾಂತಿ ಪಡೆಯಿತು.

ಅರಮನೆಗಳ ರೋಲ್ಸ್ ರಾಯ್ಸುಗಳು ಸಂಬಳದ ಹುಡುಗರ ಕೈಗೆ ಎಟಕುವಂಥವಲ್ಲ. ಅವರ ಕೈಗೆಟಕುವ ಪುರಾತನವೆಂದರೆ ಈ ಎರಡೇ. ಹೀಗಾಗಿ, ನಿನ್ನೆಯವರೆಗೆ ಕೊಟ್ಟಿಗೆ ಸೇರಿದ್ದ ಗಾಡಿಗಳಿಗೆ ಇಂದು ಗಿರಾಕಿಗಳು ಹುಟ್ಟಿಕೊಂಡಿದ್ದಾರೆ.

ಬುದ್ಧಿ ಹೇಳಲು ಹೋದ ನಾವು ಮೊದಲು ಹುಡುಗನನ್ನೇ ಕೇಳಿದೆವು: “ಏನಯ್ಯಾ, ನಿನಗೇತಕ್ಕೆ ಇದು? ನೀನು ಇದರಲ್ಲಿ ಒಂದು ದಿನವಾದರೂ ಕುಳಿತು ತಿರುಗಿದವನಲ್ಲ.” ಅವನು ಉತ್ತರ ಹೇಳದೆ ಮುಂದಿನ ಮುಚ್ಚಳವನ್ನೆತ್ತಿ ನಿಲ್ಲಿಸಿದನು. “ನೋಡಿ ಮಾವ, ಇದು ಪೆಟ್ರೋಲು ಪಂಪು. ಇದು ಕಾರ್ಬ್ಯುರೇಟರು, ಇಲ್ಲಿ ಪೆಟ್ರೋಲಿಗೆ ಗಾಳಿ ಬೆರೆಯುತ್ತದೆ. ಇದು ಡಿಸ್ಟ್ರಿಬ್ಯೂಟರು, ನಾಲ್ಕು ಸಿಲಿಂಡರಿಗೂ ಸರದಿಯ ಪ್ರಕಾರ ಕಿಡಿ ಹಂಚುತ್ತದೆ. ನಿಂತುಹೋಯಿತೆಂದರೆ ಒಂದೋ ಪೆಟ್ರೋಲು ಬರುತ್ತಿಲ್ಲ, ಇಲ್ಲವೆ ಕಿಡಿ ಬರುತ್ತಿಲ್ಲ. ಒಂದೊಂದಾಗಿ ನೋಡುತ್ತ ಹೋದರೆ ತಪ್ಪು ಸಿಕ್ಕೇ ಸಿಗುತ್ತದೆ” ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಫೀಸಿನಲ್ಲಿ ನಾನು ದಿನವೆಲ್ಲ ಮಾಡುವ ಕೆಲಸ ಕೈಗೂ ಸಿಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ ಮಾವ. ಸಾಯಂಕಾಲ ಮನೆಗೆ ಬಂದರೆ ಅಮ್ಮನಿಗೆ ಇಂಥದ್ದು ಮಾಡಿದೆನೆಂದು ತೋರಿಸಲು ಏನೂ ಇರುವುದಿಲ್ಲ” ಎಂದನು.

ಈಗಿನ ಕಾರುಗಳು ಇದಕ್ಕಿಂತ ಎಲ್ಲ ವಿಧದಲ್ಲಿಯೂ ಮೇಲೆಂಬುದನ್ನು ಅವನೇ ಒಪ್ಪುತ್ತಾನೆ. ಅವುಗಳಲ್ಲಿ ಪೆಟ್ರೋಲನ್ನು ಅಳೆದು ಸಿಂಪಡಿಸುವುದು ಒಂದು ಸಣ್ಣ ಕಂಪ್ಯೂಟರು. ಕೆಟ್ಟರೆ ಎದುರಿಗೆ ಒಂದು ದೀಪ ಹತ್ತುತ್ತದೆ. ಯಜಮಾನನು ಗಾಡಿಯನ್ನು ಒಪ್ಪಿಸಿ, ಕಾಫಿ ಕುಡಿದು, ಬಿಲ್ಲು ಕೊಟ್ಟು ಬರುತ್ತಾನೆ. ಕೆಡುವುದು ಅಪರೂಪವಾದ್ದರಿಂದ ಇದರಲ್ಲಿ ನಷ್ಟವೇನೂ ಇಲ್ಲ. ಆದರೆ ತನ್ನ ವಸ್ತುವಿನ ಒಳಗನ್ನು ತಾನು ಬಲ್ಲೆನೆಂಬ ಒಂದು ಸಂತೋಷವುಂಟು. ಅಜ್ಜಿಯರಿಗೆ ತಮ್ಮ ಒಲೆಯ ವಿಷಯದಲ್ಲಿಯೂ ರೈತನಿಗೆ ತನ್ನ ಏತದ ವಿಷಯದಲ್ಲಿಯೂ ಇದ್ದ ಆ ಸಂತೋಷ ಈ ಹುಡುಗರಿಗೆ ಬೇರೆಲ್ಲಿಯೂ ದೊರೆತಿಲ್ಲ. ೧೦೮೯ ಸಿ.ಸಿ.ಯ, ೪೦ ಅಶ್ವಶಕ್ತಿಯ ಆಸುಪಾಸಿನ ಈ ಬಡ ಎಂಜಿನು ಅದನ್ನು ಅವರಿಗೆ ಕೊಡುತ್ತದೆ.

ಹುಡುಗನಿಗೆ ಗುರುವಾಗಿ ದೊರೆತವರು ಎಪ್ಪತ್ತು ದಾಟಿದ ಒಬ್ಬ ಮೇಸ್ತ್ರಿಗಳು. ಅವರ ಮಕ್ಕಳು ಬೇರೆ ಉದ್ಯೋಗಗಳನ್ನು ಹಿಡಿದಿದ್ದಾರೆ. ಗ್ಯಾರೇಜನ್ನು ಮುಚ್ಚಬೇಕೆಂದಿದ್ದವರು, ಭಾನುವಾರ ಭಾನುವಾರ ಬಂದು ಕಾಲಡಿಯಲ್ಲಿ ಕುಳಿತುಕೊಳ್ಳುವ ನಾಲ್ಕೈದು ಹುಡುಗರ ದೆಸೆಯಿಂದ ಇನ್ನೂ ಬಾಗಿಲು ತೆರೆದಿದ್ದಾರೆ. ಎಂಜಿನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರನ್ನು ಊರಿ, ಅದರ ಹಿಡಿಗೆ ಕಿವಿ ಕೊಟ್ಟು, ಯಾವ ವಾಲ್ವು ಸಡಿಲವಾಗಿದೆಯೆಂದು ಅವರು ಹೇಳುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇದು ಯಾವ ಪುಸ್ತಕದಲ್ಲಿಯೂ ಸಿಗುವ ವಿದ್ಯೆಯಲ್ಲ. ಕೇಳುವವರಿಲ್ಲದಿದ್ದರೆ ಅವರೊಡನೆಯೇ ಹೋಗತಕ್ಕದ್ದು. ಅವರು ಹುಡುಗರಿಗೆ ಹಾಕಿದ ಮೊದಲ ಕಟ್ಟಳೆ ನಮಗೆ ಬಹಳ ಹಿಡಿಸಿತು: “ಮೊದಲು ನಿಲ್ಲೋದು, ಆಮೇಲೆ ಓಡೋದು, ಕೊನೆಗೆ ಚಂದ ಕಾಣೋದು.” ಹಾಗೆಂದರೆ, ಬ್ರೇಕು ಮೊದಲು, ಎಂಜಿನು ಆಮೇಲೆ, ಬಣ್ಣ ಕೊನೆಗೆ. ನಮ್ಮ ಹುಡುಗನ ಗಾಡಿ ಎಂಟು ತಿಂಗಳು ಬಣ್ಣವಿಲ್ಲದೆ ಬೂದಿ ಬಳಿದುಕೊಂಡ ಬೈರಾಗಿಯಂತೆ ತಿರುಗಿತು.

ಖರ್ಚಿನ ಮಾತನ್ನೂ ಮುಚ್ಚಿಡಬಾರದು. ಕೊಂಡ ಬೆಲೆಯ ಎರಡರಷ್ಟು ಹಣ ರಿಪೇರಿಗೆ ಹೋಯಿತು. ಬಿಡಿಭಾಗಗಳನ್ನು ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಬೇಕು, ಗುಜರಿಯಲ್ಲಿ ಹೆಕ್ಕಬೇಕು, ಎರಡೂ ಕಡೆ ಸಿಗದಿದ್ದರೆ ಲೇತಿನಲ್ಲಿ ಕಡೆಸಬೇಕು. ೨೦೨೫ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಹಳೆಯ ಕಾಲದ ರಬ್ಬರು ಕೊಳವೆಗಳಿಗೂ ವಾಷರುಗಳಿಗೂ ಅದು ಒಗ್ಗದು, ಅವನ್ನೆಲ್ಲ ಬದಲಾಯಿಸಬೇಕು. ಕಾನೂನಿನ ಕಟ್ಟಳೆ ಬೇರೆ. ೨೦೨೧ರಲ್ಲಿ ಕೇಂದ್ರ ಸರ್ಕಾರದವರು ಮಾಡಿದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ ಮಾತ್ರ ವಿಂಟೇಜ್ ಎಂಬ ಪಟ್ಟ. ಅವಕ್ಕೆ ಬೇರೆ ನಂಬರು, ಬೇರೆ ಶುಲ್ಕ. ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದ ಕಾರಣಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಅವನ್ನು ರಸ್ತೆಗೆ ಇಳಿಸುವಂತಿಲ್ಲ. ನಮ್ಮ ಹುಡುಗನ ಗಾಡಿಗೆ ಇನ್ನೂ ಆ ವಯಸ್ಸಾಗಿಲ್ಲ. ಅದು ಮಾಮೂಲಿ ಕಾರೇ. ಹದಿನೈದು ವರ್ಷ ದಾಟಿದ ಸ್ವಂತ ಗಾಡಿಗಳಿಗೆಲ್ಲ ಇರುವಂತೆ ಐದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಿ ನೋಂದಣಿಯನ್ನು ಹೊಸದು ಮಾಡಿಸಿಕೊಳ್ಳಬೇಕು. ಹೊಗೆಯೂ ಹೊಸ ಗಾಡಿಗಿಂತ ಹೆಚ್ಚು. ತಿಂಗಳಿಗೆ ಎರಡು ಸಲ ಹೊರಡುವ ಗಾಡಿಯೆಂಬುದೊಂದೇ ಸಮಾಧಾನ. ಅಂತೂ ಜಮಾಖರ್ಚಿನ ಪುಸ್ತಕದಲ್ಲಿ ಈ ಹುಚ್ಚಿಗೆ ಯಾವ ಸಮರ್ಥನೆಯೂ ಸಿಗುವುದಿಲ್ಲ.

೨೦೨೫ರ ಸಂಕ್ರಾಂತಿ ಕಳೆದ ಮೇಲೆ ಹುಡುಗನು ತಾಯಿಯನ್ನೂ ನಮ್ಮಿಬ್ಬರನ್ನೂ ಧರ್ಮಸ್ಥಳಕ್ಕೆ ಕರೆದನು. ದಾರಿ ಚಾರ್ಮಾಡಿ ಘಾಟಿಯದು. ತಂಗಿಗೆ ಭಯ; ನಮಗೂ ಭಯ, ಆದರೆ ಗಂಡಸರಾದ್ದರಿಂದ ಹೇಳಲಿಲ್ಲ. ಆ ಗಾಡಿಯ ನಾಲ್ಕು ಚಕ್ರಕ್ಕೂ ಇರುವುದು ಡ್ರಮ್ ಬ್ರೇಕು. ಉದ್ದನೆಯ ಇಳಿಜಾರಿನಲ್ಲಿ ಒತ್ತಿಹಿಡಿದೇ ಹೋದರೆ ಅದು ಕಾದು ಹಿಡಿತ ಸಡಿಲುತ್ತದೆ. ಅಪಘಾತವಾದರೆ ಉಬ್ಬಿಬಂದು ಎದೆಯನ್ನು ಕಾಯುವ ಗಾಳಿಚೀಲವಂತೂ ಇಲ್ಲವೇ ಇಲ್ಲ. ನಾವು ಮೂರು ಷರತ್ತು ಹಾಕಿದೆವು: ರಾತ್ರಿ ಓಡಿಸಕೂಡದು, ಅರವತ್ತು ಕಿಲೋಮೀಟರಿನ ವೇಗ ಮೀರಕೂಡದು, ಮೇಸ್ತ್ರಿಗಳು ಗಾಡಿ ನೋಡಿ ಹೂಂ ಎನ್ನಬೇಕು. ಹುಡುಗನು ಮೂರಕ್ಕೂ ಒಪ್ಪಿದನು. ಸೀಟಿನ ಪಟ್ಟಿಗಳನ್ನು ಅವನು ಆಗಲೇ ಹಾಕಿಸಿದ್ದನು. ಬ್ರೇಕಿನ ಲೈನರುಗಳನ್ನೂ ಎಣ್ಣೆಯ ಕೊಳವೆಗಳನ್ನೂ ಹೊಸದಾಗಿ ಹಾಕಿಸಿದ ರಸೀತಿಯನ್ನು ತಾಯಿಗೆ ತೋರಿಸಿದನು.

ಮೈಸೂರಿನಿಂದ ಹಾಸನ, ಬೇಲೂರು, ಮೂಡಿಗೆರೆಗಳ ಮೇಲೆ ಧರ್ಮಸ್ಥಳಕ್ಕೆ ಸುಮಾರು ೨೫೦ ಕಿಲೋಮೀಟರು. ಹೊಸ ಕಾರಿನವರು ಐದು ಗಂಟೆಯಲ್ಲಿ ಮುಗಿಸುವ ದಾರಿಗೆ ನಮಗೆ ಒಂಬತ್ತು ಗಂಟೆ ಹಿಡಿಯಿತು. ಹಿಡಿಯಲೆಂದೇ ಹೊರಟದ್ದರಿಂದ ಬೇಸರವಾಗಲಿಲ್ಲ. ಬಾಗಿಲ ಮೂಲೆಯ ತ್ರಿಕೋನದ ಸಣ್ಣ ಕಿಟಕಿಯನ್ನು ತಿರುಗಿಸಿದರೆ ಗಾಳಿ ನೇರವಾಗಿ ಮುಖಕ್ಕೆ ಬೀಸುತ್ತದೆ. ಗದ್ದೆಯ ವಾಸನೆ, ಆಲೆಮನೆಯ ವಾಸನೆ, ಕಾಫಿ ಹೂವಿಗೆ ಮುಂಚಿನ ಒಣಮಣ್ಣಿನ ವಾಸನೆ, ಎಲ್ಲವೂ ಗಾಡಿಯೊಳಕ್ಕೆ ಬರುತ್ತವೆ. ನಿಂತಲ್ಲೆಲ್ಲ ಜನ ಬಂದು ಮಾತನಾಡಿಸಿದರು. ಹಾಸನದಾಚೆಯ ಚಹದಂಗಡಿಯಲ್ಲಿ ಒಬ್ಬ ಮುದುಕರು ಗಾಡಿಯ ಮೇಲೆ ಕೈಯಿಟ್ಟು, “ನಮ್ಮ ಮದುವೇಲಿ ಹೆಣ್ಣು ಗಂಡು ಬಂದಿದ್ದು ಇಂಥದ್ರಲ್ಲೇ” ಎಂದು ಹೇಳಿ, ಚಹದ ಹಣವನ್ನು ನಮ್ಮಿಂದ ತೆಗೆದುಕೊಳ್ಳಗೊಡಲಿಲ್ಲ. ನಮ್ಮ ಚಿಕ್ಕ ಕಾರಿನಲ್ಲಿ ಅದೇ ದಾರಿಯಲ್ಲಿ ಹತ್ತಾರು ಸಲ ಹೋಗಿದ್ದೇವೆ. ಒಬ್ಬರೂ ನಮ್ಮನ್ನು ಮಾತನಾಡಿಸಿದ್ದಿಲ್ಲ. ಹುಡುಗರಿಗೆ ಈ ಗಾಡಿಯಲ್ಲಿ ಸಿಗುವ ಇನ್ನೊಂದು ಲಾಭವಿದು: ಅಪರಿಚಿತರೊಡನೆ ಮಾತಿಗೆ ನೆಪ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿಯನ್ನು ಇಳಿದೆವು. ಹುಡುಗನು ಸ್ಟೀರಿಂಗಿನ ಪಕ್ಕದ ಗೇರು ಹಿಡಿಯನ್ನು ಎರಡನೆಯದಕ್ಕೆ ಹಾಕಿ, ಬ್ರೇಕನ್ನು ತಿರುವುಗಳಲ್ಲಿ ಮಾತ್ರ ಮುಟ್ಟುತ್ತ, ಹಿಂದೆ ಬಂದವರಿಗೆಲ್ಲ ದಾರಿ ಬಿಟ್ಟುಕೊಡುತ್ತ, ಇಡೀ ಘಾಟಿಯನ್ನು ಒಂದು ಮಾತೂ ಆಡದೆ ಇಳಿಸಿದನು. ಮನೆಯಲ್ಲಿ ಊಟಕ್ಕೆ ಕುಳಿತರೂ ಕೈಯ ಫೋನನ್ನು ಕೆಳಗಿಡದ ಹುಡುಗ ಅವನು. ಅಷ್ಟು ಹೊತ್ತು ಅವನು ಒಂದೇ ವಿಷಯದಲ್ಲಿ ಮನಸ್ಸಿಟ್ಟದ್ದನ್ನು ತಾನು ಕಂಡದ್ದು ಅದೇ ಮೊದಲೆಂದು ತಂಗಿ ಆಮೇಲೆ ಹೇಳಿದಳು.

ಮಂಜುನಾಥನ ದರ್ಶನವಾದ ಮೇಲೆ, ಶ್ರೀ ವೀರೇಂದ್ರ ಹೆಗ್ಗಡೆಯವರ ಆಸ್ಥೆಯಿಂದ ಅಲ್ಲಿ ಕೂಡಿಬಂದಿರುವ ಹಳೆಯ ಕಾರುಗಳ ಸಂಗ್ರಹವನ್ನು ನೋಡಿದೆವು. ಒರೆಸಿ ಹೊಳಪಿಟ್ಟ ಗಾಡಿಗಳು ಸಾಲಾಗಿ ನಿಂತಿರುವುದು ಕಣ್ಣಿಗೆ ಹಬ್ಬ. ಹಾಗೆ ಕಾಪಾಡುವವರಿಲ್ಲದಿದ್ದರೆ ಅವುಗಳಲ್ಲಿ ಎಷ್ಟೋ ಗಾಡಿಗಳ ಹೆಸರೇ ನಮ್ಮ ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಹುಡುಗನು ಒಂದೊಂದರ ಮುಂದೆಯೂ ಬಗ್ಗಿ, ಅಡಿಯನ್ನೂ ಅಚ್ಚನ್ನೂ ನೋಡಿಕೊಂಡು ಬಂದನು. ನಾವು ಬಣ್ಣವನ್ನೂ ಹಿತ್ತಾಳೆಯ ದೀಪವನ್ನೂ ನೋಡಿದೆವು.

ಮರುದಿನ ಘಾಟಿಯನ್ನು ಹತ್ತುವಾಗ, ಮಧ್ಯಾಹ್ನದ ಬಿಸಿಲಿನಲ್ಲಿ, ಅರ್ಧ ದಾರಿಗೆ ಎಂಜಿನು ನಾಲ್ಕು ಸಲ ಮುಕ್ಕರಿಸಿ ನಿಂತುಹೋಯಿತು. ತಂಗಿ ದೇವರನ್ನು ನೆನೆದಳು. ಹುಡುಗನು ಕೈಬ್ರೇಕು ಎಳೆದು, ಇಳಿದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟನು. ಆಮೇಲೆ ಮುಚ್ಚಳವೆತ್ತಿ, “ಅಮ್ಮಾ, ಒಂದು ಬಟ್ಟೆ, ಕುಡಿಯುವ ನೀರು” ಎಂದನು. ಟವಲನ್ನು ನೆನೆಸಿ ಪೆಟ್ರೋಲು ಪಂಪಿನ ಸುತ್ತ ಹೊದಿಸಿದನು. ಎಂಜಿನಿನ ಕಾವಿಗೆ ಪಂಪಿನೊಳಗಿನ ಪೆಟ್ರೋಲು ಆವಿಯಾಗಿ ದಾರಿ ಕಟ್ಟಿಕೊಳ್ಳುತ್ತದೆ. ತಂಪು ಮಾಡಿದರೆ ಮತ್ತೆ ದ್ರವವಾಗಿ ಹರಿಯುತ್ತದೆ. ಅವನು ವಿವರಿಸುವ ಮೊದಲೇ ನಮಗೆ ಇದು ಗೊತ್ತಿತ್ತು. ೧೯೮೨ರ ಬೇಸಿಗೆಯಲ್ಲಿ, ತಿರುಪತಿಯ ದಾರಿಯಲ್ಲಿ, ನಮ್ಮ ತಾಯಿಯವರ ಹಳೆಯ ಸೀರೆಯ ತುಂಡನ್ನು ಅದೇ ರೀತಿ ನೆನೆಸಿ, ಅದೇ ಜಾಗದಲ್ಲಿ ಹೊದಿಸುತ್ತಿದ್ದ ತಂದೆಯವರ ಬೆನ್ನು ಕಣ್ಣ ಮುಂದೆ ಬಂದಿತು. ನಾವು ರಸ್ತೆಯ ಬದಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆವು.

ಗಾಡಿ ತಣ್ಣಗಾಗುವವರೆಗೆ ಇಪ್ಪತ್ತು ನಿಮಿಷ ಕೆಲಸವಿರಲಿಲ್ಲ. ಆ ಹೊತ್ತಿನಲ್ಲಿ ೧೯೯೮ರ ಸಂಗತಿಯನ್ನು, ಸ್ಟೆಪ್ನಿಯ ಮಾತನ್ನೂ ಬಿಡದೆ, ಹುಡುಗನಿಗೆ ಹೇಳಿದೆವು. ತಂಗಿಗೂ ಅದು ಹೊಸ ಸುದ್ದಿ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಗನು ಮಾತ್ರ ನಾವು ಎಣಿಸಿದಂತೆ ಮರುಗಲೂ ಇಲ್ಲ, ನಮ್ಮನ್ನು ದೂರಲೂ ಇಲ್ಲ. “ಗುಜರಿಗೆ ಹೋದದ್ದು ಒಳ್ಳೆಯದೇ ಆಯಿತು ಮಾವ. ಈ ಗಾಡಿಯ ಎಡಗಡೆಯ ಬಾಗಿಲು, ಡೈನಮೋ, ಹಿಂದಿನ ಅಚ್ಚು ಎಲ್ಲವೂ ಗುಜರಿಯಿಂದಲೇ ಬಂದವು. ಅಂದು ನಿಮ್ಮಂಥವರು ಕೊಡದೆ ಹೋಗಿದ್ದರೆ ಇಂದು ನಮ್ಮಂಥವರಿಗೆ ಎಲ್ಲಿ ಸಿಗುತ್ತಿತ್ತು?” ಎಂದು ಹೇಳಿ, ಪಂಪನ್ನು ಮುಟ್ಟಿ ನೋಡಿ, ಗಾಡಿಯನ್ನು ಹೊರಡಿಸಿದನು. ನಾವು ಆ ಎಡಗಡೆಯ ಬಾಗಿಲನ್ನು ತೆರೆದು ಒಳಗೆ ಕುಳಿತೆವು. ಅದು ತಂದೆಯವರ ಗಾಡಿಯ ಬಾಗಿಲೇ ಆಗಿರಬಹುದೆಂದು ಎಣಿಸುವಷ್ಟು ಮರುಳು ನಮಗಿಲ್ಲ. ಆದರೂ ಅದನ್ನು ಎಂದಿಗಿಂತ ಮೆಲ್ಲಗೆ ಹಾಕಿಕೊಂಡೆವೆಂಬುದು ನಿಜ.

ಹುಡುಗರಿಗೆ ಹಳೆಯ ಗಾಡಿಯ ಮೇಲೆ ಇರುವುದು ಹಳಹಳಿಯೆಂದು ನಾವು ತಿಳಿದಿದ್ದೆವು. ಹಳಹಳಿ ಇದ್ದದ್ದು ನಮಗೆ. ಕಳೆದುಕೊಂಡವರು ನಾವು, ಅವರು ಕಳೆದುಕೊಂಡದ್ದೇನೂ ಇಲ್ಲ. ನಾವು ಬಿಸುಟದ್ದರಲ್ಲಿ ಅವರಿಗೆ ಕೈಗೆಲಸವೊಂದು, ಗುರುವೊಬ್ಬರು, ನಿಧಾನವಾದ ದಾರಿಯೊಂದು ಹೊಸದಾಗಿ ಸಿಕ್ಕಿವೆ. ನಮ್ಮ ವಾಚಕರ ಮನೆಯ ಹುಡುಗನೋ ಹುಡುಗಿಯೋ ಇಂಥ ಗಾಡಿಯೊಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿದರೆ ಸಿಟ್ಟಾಗುವ ಮೊದಲು ಮೂರು ಪ್ರಶ್ನೆ ಕೇಳಿನೋಡಬಹುದು: ಬ್ರೇಕು ಹೊಸದು ಮಾಡಿಸಿದ್ದೀಯಾ, ಕಾಗದಪತ್ರ ಸರಿಯಾಗಿದೆಯೆ, ಸಾಲ ಮಾಡಿದ್ದೀಯಾ? ಮೂರಕ್ಕೂ ತೃಪ್ತಿಕರವಾದ ಉತ್ತರ ಬಂದರೆ, ನಾಲ್ಕನೆಯ ಪ್ರಶ್ನೆಯನ್ನು ಗಾಡಿಯಲ್ಲಿ ಕುಳಿತೇ ಕೇಳಬಹುದು.

ತಂಗಿ ನಮಗೆ ಒಪ್ಪಿಸಿದ್ದ ಬುದ್ಧಿ ಹೇಳುವ ಕೆಲಸ ಇನ್ನೂ ಬಾಕಿಯೇ ಇದೆ. ಬರುವ ಭಾನುವಾರ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಯುವುದಂತೆ. ಬರುವಾಗ ಹಳೆಯ ಪಂಚೆಯೊಂದನ್ನು ತರಬೇಕೆಂದು ಹುಡುಗನು ನಮಗೆ ಹೇಳಿಕಳುಹಿಸಿದ್ದಾನೆ.